ಸಣ್ಣ ಟಿಲ್ಲರ್: ಜೋಡಿಸುವುದು, ಓಡಿಸುವುದು, ಕಾಪಾಡುವುದು

ಓದುವ ಮೊದಲು ಮಾತಾಡಿ

ನಿಮ್ಮ ಊರಲ್ಲಿ ಸಣ್ಣ ಟಿಲ್ಲರ್ ಉಂಟಾ? ಅದನ್ನು ಯಾರು ಓಡಿಸುತ್ತಾರೆ? ಅದರಿಂದ ಯಾರಿಗಾದರೂ ಗಾಯ ಆಗಿದೆಯಾ? ಪಕ್ಕದಲ್ಲಿ ಕುಳಿತವರ ಜೊತೆ ಮಾತಾಡಿ. ಆಮೇಲೆ ಪಾಠ ಓದಿ.

ಪಾಠ

ಏಣೇಲು ಕೊಯ್ಲು ಮುಗಿಯಿತು. ಗದ್ದೆ ಖಾಲಿ ಆಯಿತು. ಇನ್ನು ತರಕಾರಿ ಹಾಕುವ ಸಮಯ. ಅಲಸಂಡೆ, ಬೆಂಡೆ, ಸೌತೆ, ಹರಿವೆ.

ಮೊದಲು ನಾವು ಹಾರೆ ಹಿಡಿದು ಮಣ್ಣು ಕೊಚ್ಚುತ್ತಿದ್ದೆವು. ಸಂಜೆ ಆಗುವಾಗ ಸೊಂಟ ಬಗ್ಗಿಸಲು ಆಗುತ್ತಿರಲಿಲ್ಲ. ಈಗ ಕಾಸರಗೋಡಿನ ಕಡೆ ಹಲವರು ಸಣ್ಣ ಟಿಲ್ಲರ್ ಬಳಸುತ್ತಾರೆ. ಕೆಲವು ಕಡೆ ಸಂಘದವರು ಸೇರಿ ಒಂದು ಯಂತ್ರ ತೆಗೆದುಕೊಳ್ಳುತ್ತಾರೆ. ಹೆಂಗಸರೂ ಓಡಿಸುತ್ತಾರೆ. ಕೆಲಸ ಬೇಗ ಆಗುತ್ತದೆ.

ಆದರೆ ಒಂದು ಮಾತು ನೆನಪಿಡಿ. ಮಣ್ಣು ಕೊಚ್ಚುವ ಬ್ಲೇಡಿಗೆ ಮಣ್ಣು ಯಾವುದು, ಕಾಲು ಯಾವುದು ಅಂತ ಗೊತ್ತಿಲ್ಲ. ಅದು ನಮಗೇ ಗೊತ್ತಿರಬೇಕು.

1. ಪೆಟ್ಟಿಗೆ ಬಿಚ್ಚಿದಾಗ

ಹೊಸ ಯಂತ್ರ ಪೆಟ್ಟಿಗೆಯಲ್ಲಿ ಬರುತ್ತದೆ. ಕೆಲವು ಭಾಗಗಳನ್ನು ನಾವು ಜೋಡಿಸಬೇಕು. ಅವಸರ ಮಾಡ್ಬೇಡಿ. ಸಮತಟ್ಟಾದ ಅಂಗಳದಲ್ಲಿ ಗೋಣಿ ಹಾಸಿ. ಎಲ್ಲ ಭಾಗಗಳನ್ನೂ ಅದರ ಮೇಲೆ ಇಡಿ. ಪುಸ್ತಕದಲ್ಲಿರುವ ಪಟ್ಟಿ ನೋಡಿ ಒಂದೊಂದೇ ಲೆಕ್ಕ ಮಾಡಿ. ಒಂದು ನಟ್ಟು ಕಡಿಮೆ ಇದ್ದರೂ ಅಂಗಡಿಯವರಿಗೆ ಹೇಳಿ.

ಹಿಡಿಕೆ: ಮೊದಲು ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ಸ್ವಲ್ಪ ತಿರುಗಿಸಿ ಕೂರಿಸಿ. ಎಲ್ಲವೂ ಕೂತ ಮೇಲೆ ಸ್ಪ್ಯಾನರಿನಿಂದ ಬಿಗಿ ಮಾಡಿ. ಹಿಡಿಕೆ ನಿಮ್ಮ ಸೊಂಟದ ಎತ್ತರಕ್ಕೆ ಬರಲಿ. ತಗ್ಗಾದರೆ ಬೆನ್ನು ಬಾಗುತ್ತದೆ. ಎತ್ತರವಾದರೆ ಕೈಗೆ ಹಿಡಿತ ಸಿಗುವುದಿಲ್ಲ.

ಬ್ಲೇಡು: ಬ್ಲೇಡುಗಳಲ್ಲಿ ಎಡದ್ದು ಬೇರೆ, ಬಲದ್ದು ಬೇರೆ. ಯಂತ್ರ ಮುಂದೆ ಹೋಗುವಾಗ ಹರಿತವಾದ ಬದಿ ಮೊದಲು ಮಣ್ಣಿಗೆ ತಾಗಬೇಕು. ಎಡ, ಬಲ ತಪ್ಪಿದರೆ ಬ್ಲೇಡು ಮಣ್ಣು ಕಡಿಯುವುದಿಲ್ಲ, ಯಂತ್ರ ಮೇಲೆ ಮೇಲೆ ಹಾರುತ್ತದೆ. ಬ್ಲೇಡು ಹಾಕಿದ ಮೇಲೆ ಪಿನ್ನು ಹಾಕಿ. ಪಿನ್ನು ಜಾರದ ಹಾಗೆ ಕ್ಲಿಪ್ಪು ಹಾಕಿ.

ಮಡ್ಗಾರ್ಡ್: ಬ್ಲೇಡಿನ ಮೇಲೆ ತಗಡಿನ ಮುಚ್ಚಳ ಉಂಟು. ಅದು ಚಂದಕ್ಕೆ ಇಟ್ಟದ್ದಲ್ಲ. ಹಾರುವ ಕಲ್ಲನ್ನು ಅದು ತಡೆಯುತ್ತದೆ. ನಿಮ್ಮ ಕಾಲನ್ನೂ ಅದು ಕಾಯುತ್ತದೆ. ಅದಿಲ್ಲದೆ ಯಂತ್ರ ಓಡಿಸ್ಬೇಡಿ.

ಎಣ್ಣೆ: ಇದು ಬಹಳ ಮುಖ್ಯ. ಹೊಸ ಯಂತ್ರದ ಇಂಜಿನಿನಲ್ಲಿ ಹೆಚ್ಚಾಗಿ ಎಣ್ಣೆ ಇರುವುದಿಲ್ಲ. ಎಣ್ಣೆ ಹಾಕದೆ ಹಗ್ಗ ಎಳೆದರೆ ಇಂಜಿನು ಸ್ವಲ್ಪ ಹೊತ್ತಿನಲ್ಲೇ ಕೆಡುತ್ತದೆ. ಯಂತ್ರವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎಣ್ಣೆ ಹಾಕಿ. ಅಳತೆ ಕಡ್ಡಿಯಲ್ಲಿ ಮೇಲಿನ ಗೆರೆವರೆಗೆ ಬಂದರೆ ಸಾಕು. ಸಣ್ಣ ಪೆಟ್ರೋಲ್ ಇಂಜಿನಿಗೆ ಸುಮಾರು ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಗೇರ್ ಪೆಟ್ಟಿಗೆಯ ಎಣ್ಣೆ ಬೇರೆ. ಅದನ್ನೂ ನೋಡಿ.

ಫೋರ್ ಸ್ಟ್ರೋಕ್ ಇಂಜಿನಿಗೆ ಬರೀ ಪೆಟ್ರೋಲ್ ಹಾಕಬೇಕು. ಪೆಟ್ರೋಲಿಗೆ ಎಣ್ಣೆ ಬೆರೆಸುವುದು ಟು ಸ್ಟ್ರೋಕ್ ಇಂಜಿನಿಗೆ ಮಾತ್ರ. ನಿಮ್ಮದು ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಅದನ್ನು ಟ್ಯಾಂಕಿಯ ಮೇಲೆ ಬಣ್ಣದಲ್ಲಿ ಕನ್ನಡದಲ್ಲೇ ಬರೆದಿಡಿ.

2. ಯಂತ್ರದ ಮೇಲಿನ ಚಿತ್ರ ಓದಿ

ಯಂತ್ರದ ಮೇಲೆ ಕನ್ನಡ ಅಕ್ಷರ ಇರುವುದು ಕಡಿಮೆ. ಆದರೆ ಚಿತ್ರ ಇರುತ್ತದೆ. ವೇಗದ ಹಿಡಿಯ ಹತ್ತಿರ ಹಲವು ಯಂತ್ರಗಳಲ್ಲಿ ಎರಡು ಪ್ರಾಣಿಗಳ ಚಿತ್ರ ಕಾಣುತ್ತದೆ. ಮೊಲ ಅಂದರೆ ಜೋರು. ಆಮೆ ಅಂದರೆ ನಿಧಾನ. ಯಂತ್ರ ಶುರು ಮಾಡುವ ಮೊದಲು ಒಂದು ಕೆಲಸ ಮಾಡಿ. ನಿಲ್ಲಿಸುವ ಸ್ವಿಚ್ಚು ಎಲ್ಲಿ ಉಂಟು ಅಂತ ಹುಡುಕಿ. ಕಣ್ಣು ಮುಚ್ಚಿ ಮುಟ್ಟಲು ಬರಬೇಕು. ಅಷ್ಟು ಅಭ್ಯಾಸ ಆಗಲಿ.

3. ಗದ್ದೆಗೆ ಇಳಿಯುವ ಮೊದಲು

ಗದ್ದೆಯಲ್ಲಿ ಒಂದು ಸುತ್ತು ನಡೆಯಿರಿ. ಕಲ್ಲು, ಗೆರಟೆ, ಬಾಟಲಿ, ತಂತಿ, ಹಳೆಯ ಬೇರು ಎಲ್ಲ ಹೆಕ್ಕಿ. ನೀರಿನ ಪೈಪು ಎಲ್ಲಿ ಹೋಗಿದೆ ಅಂತ ನೋಡಿ.

ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆ ಆಗಿ, ಬೆರಳಿನಿಂದ ಮುಟ್ಟಿದಾಗ ಪುಡಿ ಆಯ್ತಾ? ಹದ ಸರಿ ಉಂಟು. ಕೈಗೆ ಅಂಟಿತಾ? ಎರಡು ದಿನ ತಡೆಯಿರಿ. ಹಸಿ ಮಣ್ಣನ್ನು ಕೊಚ್ಚಿದರೆ ಒಣಗಿದ ಮೇಲೆ ಅದು ಗಟ್ಟಿ ಹೆಂಟೆ ಆಗುತ್ತದೆ.

ಬಟ್ಟೆ ಮೈಗೆ ಸರಿಯಾಗಿ ಕೂತಿರಲಿ. ಕುತ್ತಿಗೆಯಲ್ಲಿ ಬೈರಾಸು ಬೇಡ. ಶಾಲು ಬೇಡ. ಸೀರೆಯ ಸೆರಗು, ಮುಂಡಿನ ತುದಿ ನೇತಾಡಬಾರದು. ಉದ್ದ ಜಡೆ ಇದ್ದರೆ ಸುತ್ತಿ ಕಟ್ಟಿ. ಹವಾಯಿ ಚಪ್ಪಲಿ ಸಾಲದು, ಗಟ್ಟಿ ಬೂಟು ಬೇಕು. ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು. ಕಿವಿಗೆ ಹತ್ತಿ ಸಾಲದು, ಕಿವಿ ಮುಚ್ಚುವ ಸಾಧನ ಅಂಗಡಿಯಲ್ಲಿ ಸಿಗುತ್ತದೆ.

ಮಕ್ಕಳು, ದನ, ನಾಯಿ ಹತ್ತಿರ ಬರಬಾರದು. ಬ್ಲೇಡಿಗೆ ಸಿಕ್ಕಿದ ಕಲ್ಲು ದೂರಕ್ಕೆ ಹಾರುತ್ತದೆ.

ಪೆಟ್ರೋಲನ್ನು ಬಯಲಲ್ಲೇ ತುಂಬಿಸಿ. ಇಂಜಿನು ತಣಿದಿರಬೇಕು. ಹತ್ತಿರ ಬೀಡಿ, ಬೆಂಕಿ ಬೇಡ. ಕೊಟ್ಟಿಗೆಯ ಒಳಗೆ ಇಂಜಿನು ಓಡಿಸಿ ನೋಡುವುದು ಬೇಡ. ಅದರ ಹೊಗೆಯಲ್ಲಿ ವಾಸನೆ ಇಲ್ಲದ ಒಂದು ವಿಷ ಉಂಟು. ಮುಚ್ಚಿದ ಜಾಗದಲ್ಲಿ ಅದು ಜೀವ ತೆಗೆಯುತ್ತದೆ.

4. ಓಡಿಸುವುದು

ಹೆಚ್ಚಿನ ಸಣ್ಣ ಟಿಲ್ಲರ್‌ಗಳಲ್ಲಿ ಕ್ಲಚ್ ಹಿಡಿ ಒತ್ತಿದರೆ ಬ್ಲೇಡು ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ನಿಮ್ಮ ಯಂತ್ರದಲ್ಲಿ ಹೇಗೆ ಅಂತ ಮೊದಲು ತಿಳಿಯಿರಿ. ಹಗ್ಗ ಎಳೆಯುವಾಗ ಕ್ಲಚ್ ಹಿಡಿಯಬೇಡಿ. ಗೇರ್ ನ್ಯೂಟ್ರಲ್‌ನಲ್ಲಿ ಇರಲಿ.

ಹಿಂದೆ ಒಂದು ಕಬ್ಬಿಣದ ಗೂಟ ಉಂಟು. ಹಿಡಿಕೆಯನ್ನು ಸ್ವಲ್ಪ ಕೆಳಗೆ ಒತ್ತಿದರೆ ಗೂಟ ಮಣ್ಣಿಗೆ ಇಳಿಯುತ್ತದೆ. ಆಗ ಯಂತ್ರ ನಿಧಾನ ಆಗುತ್ತದೆ, ಬ್ಲೇಡು ಆಳಕ್ಕೆ ಹೋಗುತ್ತದೆ. ಮೊದಲ ಸಲ 2–3 ಇಂಚು ಸಾಕು. ಎರಡನೇ ಸಲ ಇನ್ನಷ್ಟು ಆಳ ಮಾಡಿ. ಒಂದೇ ಸಲಕ್ಕೆ ಆಳ ಮಾಡಲು ಹೋದರೆ ಯಂತ್ರ ಕುಣಿಯುತ್ತದೆ.

ಯಂತ್ರವನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ಓಡಬೇಡಿ. ಇಳಿಜಾರಿನಲ್ಲಿ ಅಡ್ಡಕ್ಕೆ ಓಡಿಸಿ. ಮರದ ಬುಡದಿಂದ ದೂರ ಇರಿ. ಅಡಿಕೆ ಮರದ ಹೆಚ್ಚಿನ ಬೇರು ಮೇಲ್ಮಣ್ಣಿನಲ್ಲೇ ಇರುವುದು. ಅದು ಕಡಿದರೆ ಮರ ಸೊರಗುತ್ತದೆ.

ಹಿಂದಕ್ಕೆ ತರುವಾಗ ಎರಡು ಪಟ್ಟು ಜಾಗ್ರತೆ ಬೇಕು. ಮೊದಲು ನಿಲ್ಲಿಸಿ. ಹಿಂದೆ ನೋಡಿ. ಹಿಂದೆ ಮರ, ಕಟ್ಟಪುಣಿ, ಗುಂಡಿ ಇದ್ದರೆ ಯಂತ್ರಕ್ಕೂ ಅದಕ್ಕೂ ನಡುವೆ ನೀವು ಸಿಕ್ಕಿಬೀಳುತ್ತೀರಿ.

5. ಈ ಕತೆ ಓದಿ

ಒಂದು ಊರಿನ ಸಂಘದಲ್ಲಿ ಒಂದು ಟಿಲ್ಲರ್ ಇತ್ತು. ಅದರ ಕ್ಲಚ್ ಹಿಡಿ ಬಹಳ ಗಟ್ಟಿ. ಒತ್ತಿ ಹಿಡಿದು ಹಿಡಿದು ಕೈ ಸೋಲುತ್ತಿತ್ತು. ಒಂದು ದಿನ ಒಬ್ಬ ಹುಡುಗ ಹಿಡಿಗೆ ಬಾಳೆನಾರು ಸುತ್ತಿ ಕಟ್ಟಿದ.

ಅಕ್ಕ ಕೇಳಿದಳು, “ಎಂತ ತಮ್ಮಾ ಇದು?”

“ಕೈ ನೋಯ್ತದೆ ಅಕ್ಕ. ಹೀಗೆ ಕಟ್ಟಿದರೆ ಆರಾಮ.”

“ಬಿಚ್ಚು ಮಾರಾಯ.”

“ಇದೊಂದು ಸಾಲು ಮುಗಿಸಿ ಬಿಚ್ತೇನೆ.”

ಆ ಸಾಲಿನ ಮಧ್ಯದಲ್ಲಿ ಒಂದು ಕಲ್ಲು ಹೂತುಹೋಗಿತ್ತು. ಬ್ಲೇಡು ಕಲ್ಲಿಗೆ ತಾಗಿತು. ಯಂತ್ರ ಹಾರಿತು. ಹುಡುಗ ಜಾರಿ ಬಿದ್ದ. ಕೈ ಬಿಟ್ಟರೂ ಬ್ಲೇಡು ನಿಲ್ಲಲಿಲ್ಲ, ಬಾಳೆನಾರು ಹಿಡಿದುಕೊಂಡಿತ್ತು. ಅಕ್ಕ ಓಡಿ ಬಂದು ಸ್ವಿಚ್ಚು ಆರಿಸಿದಳು. ಅಷ್ಟರಲ್ಲಿ ಬೂಟು ಹರಿದಿತ್ತು. ಕಾಲಿಗೆ ಹೊಲಿಗೆ ಬಿತ್ತು. ಆ ವರ್ಷ ಅವನ ಗದ್ದೆಗೆ ಬೀಜ ಬೀಳಲಿಲ್ಲ.

ಆಮೇಲೆ ಮೆಕ್ಯಾನಿಕ್ ಬಂದು ನೋಡಿದರು. ಕ್ಲಚ್ ಕೇಬಲ್ ಒಣಗಿ ತುಕ್ಕು ಹಿಡಿದಿತ್ತು. ನಾಲ್ಕು ಹನಿ ಎಣ್ಣೆ ಬಿಟ್ಟರು. ಹಿಡಿ ಮೆತ್ತಗೆ ಆಯಿತು.

ನಾಲ್ಕು ಹನಿ ಎಣ್ಣೆಯ ಕೆಲಸವನ್ನು ಬಾಳೆನಾರಿನಲ್ಲಿ ಮಾಡಲು ಹೋದದ್ದೇ ತಪ್ಪು. ಹಿಡಿ ಗಟ್ಟಿ ಆದರೆ ರಿಪೇರಿ ಮಾಡಿಸಿ. ಯಾವತ್ತೂ ಕಟ್ಟಬೇಡಿ.

6. ಬ್ಲೇಡಿಗೆ ಹುಲ್ಲು ಸುತ್ತಿದರೆ

ಬಳ್ಳಿ, ಬೈಹುಲ್ಲು ಬ್ಲೇಡಿಗೆ ಸುತ್ತುವುದು ಉಂಟು. ಆಗ ಕೈ ಹಾಕುವ ಮೊದಲು ಈ ಮೂರು ಕೆಲಸ ಮಾಡಿ. ಇಂಜಿನು ಆರಿಸಿ. ಬ್ಲೇಡು ಪೂರ್ತಿ ನಿಲ್ಲಲಿ. ಸ್ಪಾರ್ಕ್ ಪ್ಲಗ್ಗಿನ ಟೋಪಿ ಎಳೆದು ತೆಗೆಯಿರಿ. ಟೋಪಿ ತೆಗೆದರೆ ಇಂಜಿನು ತಪ್ಪಿಯೂ ಶುರು ಆಗುವುದಿಲ್ಲ. ಆಮೇಲೆ ಕತ್ತಿಯಿಂದ ಬಳ್ಳಿ ಕೊಯ್ದು ತೆಗೆಯಿರಿ. ಸೈಲೆನ್ಸರ್ ಮುಟ್ಟಬೇಡಿ, ಸುಡುತ್ತದೆ.

7. ಕಾಪಾಡುವುದು

ದಿನಾ: ಎಣ್ಣೆ ನೋಡಿ. ನಟ್ಟು, ಬೋಲ್ಟು ಬಿಗಿ ಉಂಟಾ ನೋಡಿ. ಹೊಸ ಯಂತ್ರವಾದರೆ ಮೊದಲ ಒಂದು ಗಂಟೆ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ. ಕೆಲಸ ಮುಗಿದ ಮೇಲೆ ಮಣ್ಣು ಕೆರೆದು ತೆಗೆಯಿರಿ.

ಎಣ್ಣೆ ಬದಲು: ಹೆಚ್ಚಿನ ಸಣ್ಣ ಪೆಟ್ರೋಲ್ ಇಂಜಿನುಗಳಿಗೆ ಮೊದಲ ಸಲ 20 ಗಂಟೆ ಓಡಿದ ಮೇಲೆ ಎಣ್ಣೆ ಬದಲಿಸಬೇಕು. ಆಮೇಲೆ 100 ಗಂಟೆಗೊಮ್ಮೆ, ಇಲ್ಲವೇ 6 ತಿಂಗಳಿಗೊಮ್ಮೆ. ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದನ್ನೇ ಪಾಲಿಸಿ. ಹಳೆಯ ಎಣ್ಣೆಯನ್ನು ತೋಡಿಗೆ, ಬಾವಿ ಹತ್ತಿರ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿಸಿ ವರ್ಕ್‌ಶಾಪಿಗೆ ಕೊಡಿ.

ಏರ್ ಫಿಲ್ಟರ್: 50 ಗಂಟೆಗೊಮ್ಮೆ ಶುಚಿ ಮಾಡಿ. ಧೂಳು ಜಾಸ್ತಿ ಇದ್ದರೆ ಇನ್ನೂ ಬೇಗ ಮಾಡಿ.

ಮಳೆಗಾಲಕ್ಕೆ ಒಳಗೆ ಇಡುವಾಗ: ಟ್ಯಾಂಕಿಯ ಪೆಟ್ರೋಲ್ ತೆಗೆಯಿರಿ. ಆಮೇಲೆ ಅಂಗಳದಲ್ಲಿ ಇಂಜಿನು ತಾನಾಗಿ ನಿಲ್ಲುವವರೆಗೆ ಓಡಿಸಿ. ಪೆಟ್ರೋಲ್ ತಿಂಗಳುಗಟ್ಟಲೆ ಒಳಗೇ ನಿಂತರೆ ಅಂಟು ಆಗಿ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಬ್ಲೇಡಿಗೆ ಗ್ರೀಸು ಹಚ್ಚಿ. ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲೆ ಇಡಿ.

8. ಗಾಯ ಆದರೆ

ಶುಚಿ ಬಟ್ಟೆಯಿಂದ ಗಾಯವನ್ನು ಗಟ್ಟಿ ಒತ್ತಿ ಹಿಡಿಯಿರಿ. ಮತ್ತೆ ಮತ್ತೆ ತೆಗೆದು ನೋಡಬೇಡಿ. ಗಾಯ ಆದ ಕೈಯನ್ನೋ ಕಾಲನ್ನೋ ಮೇಲೆತ್ತಿ ಇಡಿ. 108ಕ್ಕೆ ಫೋನ್ ಮಾಡಿ. ಕಾಫಿ ಪುಡಿ, ಮಣ್ಣು, ಸುಣ್ಣ ಹಾಕಬೇಡಿ. ಮಣ್ಣಿನ ಗಾಯದಿಂದ ಧನುರ್ವಾಯು ಬರಬಹುದು. ಗಾಯ ಸಣ್ಣದಾದರೂ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಬೇಕಾ ಅಂತ ಕೇಳಿ.

9. ಪುಸ್ತಕದಲ್ಲಿ ಬರೆದಿಡಿ

ಈಗ ನಿಮಗೆ ಬರೆಯಲು ಬರುತ್ತದೆ. ಯಂತ್ರಕ್ಕೆ ಒಂದು ಪುಸ್ತಕ ಇಡಿ. ಹೀಗೆ ಬರೆಯಿರಿ:

ನವೆಂಬರ್ 3. ಓಡಿದ್ದು 2 ಗಂಟೆ. ಎಣ್ಣೆ ಸರಿ ಉಂಟು.
ನವೆಂಬರ್ 4. ಓಡಿದ್ದು 3 ಗಂಟೆ. ಒಂದು ಬೋಲ್ಟು ಸಡಿಲ ಇತ್ತು, ಬಿಗಿ ಮಾಡಿದೆ.
ನವೆಂಬರ್ 6. ಓಡಿದ್ದು 2 ಗಂಟೆ. ಕ್ಲಚ್ ಹಿಡಿ ಗಟ್ಟಿ ಆಗಿದೆ. ಯಾರೂ ಓಡಿಸಬೇಡಿ.

ಕೊನೆಯ ಸಾಲನ್ನು ಮತ್ತೊಮ್ಮೆ ಓದಿ. ಆ ಒಂದು ಸಾಲು ಒಬ್ಬರ ಕಾಲು ಉಳಿಸಬಹುದು.

ಅಭ್ಯಾಸ

1. ಓದಿ, ಬರೆಯಿರಿ: ಬ್ಲೇಡು, ಸ್ವಿಚ್ಚು, ಕ್ಲಚ್, ಬೋಲ್ಟು, ಎಣ್ಣೆ, ಬೈರಾಸು.
2. ಮೊಲದ ಚಿತ್ರ ಏನು ಹೇಳುತ್ತದೆ? ಆಮೆಯ ಚಿತ್ರ ಏನು ಹೇಳುತ್ತದೆ?
3. ಬ್ಲೇಡಿಗೆ ಕೈ ಹಾಕುವ ಮೊದಲು ಮಾಡಬೇಕಾದ ಮೂರು ಕೆಲಸ ಯಾವುವು?
4. ಕತೆಯಲ್ಲಿ ಹುಡುಗ ಮಾಡಿದ ತಪ್ಪು ಏನು? ನೀವು ಅಲ್ಲಿ ಇದ್ದಿದ್ದರೆ ಏನು ಹೇಳುತ್ತಿದ್ದಿರಿ?
5. ಲೆಕ್ಕ ಮಾಡಿ: ಹೊಸ ಯಂತ್ರ ದಿನಕ್ಕೆ 2 ಗಂಟೆ ಓಡುತ್ತದೆ. 20 ಗಂಟೆ ಆಗಲು ಎಷ್ಟು ದಿನ ಬೇಕು?
6. ಮೇಲಿನ ಪುಸ್ತಕದಲ್ಲಿ ಮೂರು ದಿನ ಸೇರಿ ಯಂತ್ರ ಎಷ್ಟು ಗಂಟೆ ಓಡಿತು? ಮೊದಲ ಎಣ್ಣೆ ಬದಲಿಗೆ ಇನ್ನು ಎಷ್ಟು ಗಂಟೆ ಉಂಟು?
7. “ಕ್ಲಚ್ ಹಿಡಿಯನ್ನು ಕಟ್ಟಬೇಡಿ” ಎಂದು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಯಂತ್ರ ಇಡುವ ಗೋಡೆಗೆ ಅಂಟಿಸಿ.