ಮನೆಯಲ್ಲೊಬ್ಬರಿಗೆ ಖಿನ್ನತೆ: ಮನೆಮಂದಿ ಮಾಡಬೇಕಾದ್ದೇನು?

ಇಳಕಲ್ಲಿನಲ್ಲಿ ಮಗ್ಗ ಬಿಟ್ಟು ಏಳದಿದ್ದ ಅಪ್ಪ ಈಗ ಲಾಳಿ ಮುಟ್ಟುತ್ತಿಲ್ಲ. ಬಾದಾಮಿ ಕಡೆಯ ಹಳ್ಳಿಯಲ್ಲಿ ನಸುಕಿನಲ್ಲೇ ರೊಟ್ಟಿ ಬಡಿಯುತ್ತಿದ್ದ ಅವ್ವ ಹಾಸಿಗೆ ಬಿಡುತ್ತಿಲ್ಲ. ಇಂಥ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು, ‘ಮೈಗಳ್ಳತನ’. ಎರಡನೆಯದು, ‘ಯಾರೋ ಮಾಡಿಸ್ಯಾರ’. ಎರಡೂ ತಪ್ಪು, ಎರಡರಿಂದಲೂ ಅಮೂಲ್ಯ ತಿಂಗಳುಗಳು ಹಾಳಾಗುತ್ತವೆ.

ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ-ಊಟದ ಏರುಪೇರು, ‘ನಾನು ಯಾತಕ್ಕೂ ಬಾರದವ’ ಎಂಬ ಮಾತು ಎರಡು ವಾರ ಬಿಡದೆ ಇದ್ದರೆ ವೈದ್ಯರಿಗೆ ತೋರಿಸಿ. ಗಂಡಸರಲ್ಲಿ ಖಿನ್ನತೆ ಸಿಟ್ಟಾಗಿ, ಕುಡಿತವಾಗಿ ಕಾಣಬಹುದು. ಹಿರಿಯರು ಮೈಕೈ ನೋವೆಂದಷ್ಟೇ ಹೇಳಬಹುದು. ಬಾಣಂತಿಯ ಅಳು ವಾರಗಟ್ಟಲೆ ನಿಲ್ಲದಿದ್ದರೆ ಅದನ್ನೂ ಹಗುರಾಗಿ ಕಾಣಬೇಡಿ.

ಮೊದಲು 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ. ಹಗಲು-ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆಯವರೇ ಮಾತಾಡಬೇಕೆಂದಿಲ್ಲ, ಮಗಳೋ ಸೊಸೆಯೋ ಕೇಳಿದರೂ ದಾರಿ ಹೇಳುತ್ತಾರೆ.

ನಂತರ ಆಸ್ಪತ್ರೆ. ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿ. ಬಾದಾಮಿ, ಹುನಗುಂದ, ಇಳಕಲ್ ಕಡೆಯವರು ದಿನದ ದುಡಿಮೆ ಬಿಟ್ಟು ಅಲ್ಲಿಯವರೆಗೆ ಹೋಗುವ ಮುನ್ನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ: ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಿದೆ. ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದಲೂ ತಿಳಿಯಬಹುದು. ಕಾಯಿಲೆ ಕೈಮೀರಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹೋಗುವಾಗ ಹಳೆಯ ಚೀಟಿ, ಈಗ ನುಂಗುತ್ತಿರುವ ಗುಳಿಗೆ ಜೊತೆಗಿರಲಿ. ಥೈರಾಯ್ಡ್ ತೊಂದರೆ, ರಕ್ತಹೀನತೆಗಳೂ ಹೀಗೇ ಕಾಣಿಸುವುದರಿಂದ ವೈದ್ಯರು ರಕ್ತಪರೀಕ್ಷೆ ಹೇಳಬಹುದು.

‘ಹುಚ್ಚರ ದವಾಖಾನಿಗೆ ನಾ ಬರಂಗಿಲ್ಲ’ ಎಂದು ಹಟ ಹಿಡಿಯುವವರೇ ಹೆಚ್ಚು. ವಾದಕ್ಕೆ ಇಳಿಯಬೇಡಿ. ‘ನಿದ್ದಿ ಬರವಲ್ದಲ್ಲಪ್ಪಾ, ಅದನ್ನಷ್ಟ ತೋರ್ಸಕೊಂಡು ಬರೂಣು ನಡಿ’ ಎಂದು ಮೊದಲು ನಂಬುಗೆಯ ವೈದ್ಯರ ಬಳಿಗೆ ಕರೆದೊಯ್ಯಿರಿ. ಬನಶಂಕರಿಗೆ ಹರಕೆ ಹೊರಿ, ತಪ್ಪಿಲ್ಲ. ಹರಕೆ ತೀರುವವರೆಗೆ ಚಿಕಿತ್ಸೆ ತಡೆಯಬೇಡಿ. ಗುಳಿಗೆಯನ್ನು ಗುಟ್ಟಾಗಿ ಅನ್ನದಲ್ಲಿ ಬೆರೆಸುವುದಂತೂ ಬೇಡವೇ ಬೇಡ. ಒಮ್ಮೆ ಗೊತ್ತಾದರೆ ನಿಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ.

ಬಹಳ ಮನೆಯವರು ಸೋಲುವುದು ಗುಳಿಗೆಯ ವಿಷಯದಲ್ಲಿ. ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ವಾರಕ್ಕೇ ‘ಏನೂ ಫರಕ್ ಇಲ್ಲ’ ಎಂದು ಬಿಡುವುದು, ಆರಾಮಾದ ಕೂಡಲೇ ನಿಲ್ಲಿಸುವುದು, ಎರಡೂ ಅಪಾಯ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸುತ್ತಾರೆ. ನಿಲ್ಲಿಸುವುದು ವೈದ್ಯರು ಹೇಳಿದಾಗ, ಅವರು ಹೇಳಿದ ಕ್ರಮದಲ್ಲಿ ಮಾತ್ರ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮುಚ್ಚಿಡಬೇಡಿ. ತಮ್ಮ ತಪ್ಪಿನಿಂದಲೇ ಹೀಗಾಯಿತೆಂದು ಅವು ಒಳಗೊಳಗೇ ನೋಯುತ್ತವೆ. ‘ಅವ್ವಗ ಆರಾಮಿಲ್ಲ, ಔಷಧ ತಗೋಳಾಕತ್ತಾಳ, ಇದು ನಿನ್ನಿಂದ ಆದದ್ದಲ್ಲ’ ಎಂದರೆ ಸಾಕು. ಆರೈಕೆಯನ್ನು ಸೊಸೆಯೊಬ್ಬಳ ತಲೆಗೇ ಕಟ್ಟಬೇಡಿ, ಪಾಳಿ ಹಚ್ಚಿಕೊಳ್ಳಿ.

‘ಬದುಕಿ ಏನ್ ಮಾಡೋದೈತಿ’ ಎಂಬ ಮಾತು ಬಂದರೆ ನೇರವಾಗಿ ಕೇಳಿ: ‘ಸಾಯೂ ವಿಚಾರ ಬರ್ತೈತೇನು?’ ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ. ಹೇಳಿಕೊಂಡರೆ ಭಾರ ಇಳಿಯುತ್ತದೆ. ಹೌದೆಂದರೆ ಒಂಟಿಯಾಗಿ ಬಿಡಬೇಡಿ. ಹೊಲದ ಔಷಧಿಯನ್ನು ಮನೆಯಿಂದಲೇ ಹೊರಗೆ ಸಾಗಿಸಿ, ಗುಳಿಗೆಗಳು ನಿಮ್ಮ ಕೈಯಲ್ಲಿರಲಿ, ಆ ದಿನವೇ ಆಸ್ಪತ್ರೆಗೆ ಹೋಗಿ. ಅನಾಹುತ ಆಗಿಯೇ ಬಿಟ್ಟರೆ 108ಕ್ಕೆ ಕರೆ ಮಾಡಿ. ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಕಾಣುತ್ತದೆ, ಅವರ ಆರೈಕೆಯನ್ನು ಸರ್ಕಾರದ ಹೊಣೆಯಾಗಿಸಿದೆ.

14416 ಸಂಖ್ಯೆಯನ್ನು ಈಗಲೇ ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಿ, ಓಣಿಯ ನಾಲ್ಕು ಮನೆಗೂ ತಿಳಿಸಿ.