ಗಾಯಗೊಂಡ ಮೀನಿಗೆ ಬೇರೆ ತೊಟ್ಟಿ

ವಿದ್ಯಾರ್ಥಿಗಳೇ, ನಮ್ಮ ಪೆದ್ದಕಡುಬೂರಿನ ಕಡೆ ಮೀನೆಂದರೆ ಕೆರೆ, ಕಾಲುವೆಯದು. ಗಾಜಿನ ತೊಟ್ಟಿಯ ಮೀನು ಆದೋನಿಯಿಂದ ಬಂದ ಅತಿಥಿ. ಹೋದ ಬೇಸಿಗೆಯಲ್ಲಿ ಬಾಲ ಹರಿದ ನಮ್ಮ ಮನೆಯ ಗೋಲ್ಡ್ ಫಿಶ್ ಒಂದನ್ನು ಉಳಿದವು ಕಚ್ಚತೊಡಗಿದಾಗ, ನಾನು ಅದನ್ನು ಬಕೆಟ್ಟಿನ ಹೊಸ ನೀರಿಗೆ ಬಿಟ್ಟೆ. ಮೂರನೆಯ ದಿನ ಅದು ಸತ್ತಿತು. ಗಾಯಕ್ಕಿಂತ ನೀರೇ ಅದಕ್ಕೆ ಮುಳುವಾಯಿತೆಂದು ಆಮೇಲೆ ತಿಳಿಯಿತು.

ಮೀನಿನ ಕಿವಿರಿನಿಂದ ಅಮೋನಿಯಾ ಎಂಬ ವಿಷ ಹೊರಬೀಳುತ್ತಲೇ ಇರುತ್ತದೆ. ಹಳೆಯ ತೊಟ್ಟಿಯ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ನೀರಿನಲ್ಲಿ ಅವು ಬೆಳೆಯಲು ವಾರಗಟ್ಟಲೆ ಬೇಕು. ಗಾಯಾಳು ಅಷ್ಟು ದಿನ ಕಾಯುವುದೆಲ್ಲಿ?

ಆದುದರಿಂದ ಹಳೆಯ ತೊಟ್ಟಿಯಲ್ಲಿ ಸದಾ ಒಂದು ಹೆಚ್ಚುವರಿ ಸ್ಪಂಜ್ ಫಿಲ್ಟರ್ ಇಟ್ಟಿರಬೇಕು. ಬೇಕಾದಾಗ ಅದನ್ನು ತೊಳೆಯದೆ 20 ಲೀಟರಿನ ಬೇರೆ ತೊಟ್ಟಿಗೆ ಇಳಿಸಿ ಗಾಳಿಪಂಪಿಗೆ ಜೋಡಿಸಿ. ನಲ್ಲಿನೀರಿನ ಕ್ಲೋರಿನ್ ಆ ಜೀವಿಗಳನ್ನು ಕೊಲ್ಲುತ್ತದೆ. ಅರ್ಧದಷ್ಟು ನೀರು ಹಳೆಯ ತೊಟ್ಟಿಯದೇ ಇರಲಿ. ಮರಳು ಬೇಡ, ಅಡಗಲು ಒಂದು ಮಣ್ಣಿನ ಕುಡಿಕೆ ಸಾಕು. ಮೇವು ಚಿಟಿಕೆಯಷ್ಟು. ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಿಸಿ.

ನಮ್ಮ ಬಿಸಿಲಿಗೆ ನೀರು ಕಾದರೆ ಆಮ್ಲಜನಕ ಕಡಿಮೆಯಾಗುತ್ತದೆ. ತೊಟ್ಟಿ ನೆರಳಿನಲ್ಲಿರಲಿ, ಕರೆಂಟು ಹೋದಾಗ ಲೋಟದಿಂದ ನೀರನ್ನು ಎತ್ತಿ ಎತ್ತಿ ಹೊಯ್ಯಿರಿ. ಈ ವರ್ಷ ಬಾಲ ಹರಿದ ಇನ್ನೊಂದು ಮೀನು ಹೀಗೆಯೇ ಇಪ್ಪತ್ತು ದಿನವಿದ್ದು ಜೊತೆಗಾರರ ಬಳಿಗೆ ಮರಳಿತು.