ವಾಂಡಲ್ ಎಂಬ ಕಿರುಹೊಳೆ

ಇಂಗ್ಲೆಂಡಿನ ನದಿಯೆಂದರೆ ನಮ್ಮವರಿಗೆ ಥೇಮ್ಸ್ ಒಂದೇ ನೆನಪಿಗೆ ಬರುವುದು ಸಹಜ. ಲಂಡನ್ನಿನ ದಕ್ಷಿಣ ದಿಕ್ಕಿನಿಂದ ಬಂದು ಅದನ್ನು ಸೇರುವ ವಾಂಡಲ್ ಹೊಳೆಯ ಉದ್ದ ಸುಮಾರು 14 ಕಿಲೋಮೀಟರು ಮಾತ್ರ. ಮುಂಜಾನೆ ಉಗಮದಿಂದ ಹೊರಟವನು ಮಧ್ಯಾಹ್ನದ ಊಟದ ಹೊತ್ತಿಗೆ ಸಂಗಮವನ್ನು ಮುಟ್ಟಬಹುದು. ಆದರೂ ಇಷ್ಟು ದುಡಿದ, ಇಷ್ಟು ನೋವುಂಡ ಹೊಳೆಗಳು ವಿರಳ.

ಈ ಹೊಳೆಯ ಗುಣವೆಲ್ಲವೂ ಅದರ ಉಗಮದಲ್ಲಿ ಅಡಗಿದೆ. ನಾರ್ತ್ ಡೌನ್ಸ್ ಎಂಬುದು ಸೀಮೆಸುಣ್ಣದ ಶಿಲೆಯ ಗುಡ್ಡಸಾಲು. ಅಲ್ಲಿ ಬಿದ್ದ ಮಳೆಯು ಶಿಲೆಯೊಳಕ್ಕೆ ಇಂಗಿ, ನಿಧಾನವಾಗಿ ಸೋಸಿ, ಕ್ರಾಯ್ಡನ್ ಮತ್ತು ಕಾರ್ಶಾಲ್ಟನ್ ಕಡೆಗಳಲ್ಲಿ ಒರತೆಯಾಗಿ ಉಕ್ಕುತ್ತದೆ. ಆದುದರಿಂದಲೇ ನೀರು ತಿಳಿ, ಹರಿವು ಬಹುಮಟ್ಟಿಗೆ ಸ್ಥಿರ. ಎರಡು ಕವಲುಗಳು ಕೂಡಿ ಉತ್ತರಾಭಿಮುಖವಾಗಿ ಮರ್ಟನ್ನಿನ ಮೂಲಕ ಸಾಗಿ ವಾಂಡ್ಸ್‌ವರ್ತಿನಲ್ಲಿ ಥೇಮ್ಸನ್ನು ಸೇರುತ್ತವೆ.

1117ರಲ್ಲಿ ಅಗಸ್ಟೀನಿಯನ್ ಸಂಪ್ರದಾಯದ ಸಾಧುಗಳು ಮರ್ಟನ್ನಿನ ಹೊಳೆದಂಡೆಯಲ್ಲಿ ತಮ್ಮ ಮಠವನ್ನು ನೆಲೆಗೊಳಿಸಿದರು. ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾದ ಥಾಮಸ್ ಬೆಕೆಟ್ ಬಾಲ್ಯದಲ್ಲಿ ವಿದ್ಯೆ ಕಲಿತದ್ದು ಇಲ್ಲಿ. 1538ರಲ್ಲಿ ಎಂಟನೆಯ ಹೆನ್ರಿ ಮಠವನ್ನು ಮುಚ್ಚಿಸಿ, ಅದರ ಕಲ್ಲುಗಳನ್ನು ತನ್ನ ನಾನ್‌ಸಚ್ ಅರಮನೆಯ ಕಟ್ಟಡಕ್ಕೆ ಬಳಸಿಕೊಂಡನು.

ಅನಂತರದ್ದು ಗಿರಣಿಗಳ ಕಾಲ. ಹಿಟ್ಟು, ನಶ್ಯ, ಕಾಗದ, ತಾಮ್ರದ ತಗಡು ಎಲ್ಲಕ್ಕೂ ಈ ನೀರೇ ಚಕ್ರ ತಿರುಗಿಸಿತು. ಬಟ್ಟೆಯ ಕಥೆಯಲ್ಲಿ ಭಾರತದ ಪಾಲೂ ಇದೆ. ನಮ್ಮ ಅಚ್ಚಿನ ಹತ್ತಿಬಟ್ಟೆಗೆ ಅಲ್ಲಿ ಎಂಥ ಮೋಹವಿತ್ತೆಂದರೆ, ಸ್ವದೇಶೀ ನೇಕಾರರ ಕೂಗಿಗೆ ಮಣಿದು ಪಾರ್ಲಿಮೆಂಟು 1700ರಲ್ಲಿ ಅದರ ಆಮದನ್ನೇ ನಿಷೇಧಿಸಿತು. ಆಗ ಬಿಳಿಬಟ್ಟೆಯನ್ನು ತರಿಸಿ ಅಲ್ಲಿಯೇ ಅಚ್ಚು ಹಾಕುವ ಕಸುಬು ವಾಂಡಲ್ ದಂಡೆಯಲ್ಲಿ ಬೆಳೆಯಿತು. ಆ ಬಟ್ಟೆಯ ಕ್ಯಾಲಿಕೊ ಎಂಬ ಹೆಸರೇ ಕಲ್ಲಿಕೋಟೆಯಿಂದ ಬಂದುದು.

ನೀರಿನ ಬೆಲೆ ಆ ಗಿರಣಿಯವರಿಗೆ ಗೊತ್ತಿತ್ತು. ವಾಂಡ್ಸ್‌ವರ್ತಿನಿಂದ ಕ್ರಾಯ್ಡನ್ನಿಗೆ ಕಾಲುವೆ ತೋಡುವ ಸಲಹೆ ಬಂದಾಗ, ಗಿರಣಿಗಳಿಗೆ ನೀರು ಸಾಲದೆಂಬ ಕಾರಣದಿಂದ ಅದನ್ನು ಕೈಬಿಡಲಾಯಿತು. ಬದಲಾಗಿ 1803ರಲ್ಲಿ ಕುದುರೆಗಳು ಎಳೆಯುವ ಸರ್ರೆ ಕಬ್ಬಿಣದ ರೈಲುದಾರಿ ತೆರೆಯಿತು. 1881ರಲ್ಲಿ ವಿಲಿಯಂ ಮಾರಿಸ್ ತನ್ನ ಕಾರ್ಯಾಗಾರವನ್ನು ಮರ್ಟನ್ನಿಗೆ ತಂದು, ಬಟ್ಟೆಯನ್ನು ನೀಲಿಯಲ್ಲಿ ಅದ್ದಿ, ಇದೇ ನೀರಿನಲ್ಲಿ ತೊಳೆಸಿದನು. 1884ರ ಅವನ ಒಂದು ವಿನ್ಯಾಸದ ಹೆಸರು ‘ವಾಂಡಲ್’.

ಅಷ್ಟರಲ್ಲಾಗಲೇ ಹೊಳೆಗೆ ಕೇಡು ತಟ್ಟಿತ್ತು. ಕಾರ್ಶಾಲ್ಟನ್ನಿನ ಒರತೆಗಳು ಕಸದಿಂದ ಹೊಲಸಾದುದನ್ನು ಕಂಡು ಜಾನ್ ರಸ್ಕಿನ್ 1866ರಲ್ಲಿಯೇ ಮರುಗಿ ಬರೆದಿದ್ದನು. ಬೆಳೆದ ಪಟ್ಟಣಗಳು ಅಂತರ್ಜಲವನ್ನು ಮೇಲಕ್ಕೆತ್ತಿ, ಕೊಳಚೆಯನ್ನು ಹೊಳೆಗೆ ಬಿಟ್ಟವು. 20ನೆಯ ಶತಮಾನದ ನಡುಭಾಗದ ಹೊತ್ತಿಗೆ ಟ್ರೌಟ್ ಮೀನು ಕಣ್ಮರೆಯಾಗಿತ್ತು. ಈಗ ಹೊಳೆಯಲ್ಲಿ ಹರಿಯುವ ನೀರಿನ ಬಹುಭಾಗ ಬೆಡ್ಡಿಂಗ್ಟನ್ನಿನಲ್ಲಿ ಸಂಸ್ಕರಿಸಿದ ಚರಂಡಿಯ ನೀರು. 2007ರ ಸೆಪ್ಟೆಂಬರಿನಲ್ಲಿ ಆ ಘಟಕದಿಂದ ಹರಿದ ಶುದ್ಧೀಕರಣ ದ್ರಾವಣವು ಸಾವಿರಾರು ಮೀನುಗಳನ್ನು ಕೊಂದಿತು. ಹೊಳೆಯ ಹಿತೈಷಿಗಳು ಮತ್ತೆ ಮೊದಲಿನಿಂದ ತೊಡಗಬೇಕಾಯಿತು. ಸುತ್ತಲಿನ ಶಾಲೆಗಳ ಮಕ್ಕಳು ತರಗತಿಯ ತೊಟ್ಟಿಗಳಲ್ಲಿ ಟ್ರೌಟ್ ಮರಿಗಳನ್ನು ಸಾಕಿ, ತಾವೇ ಹೊತ್ತೊಯ್ದು ಹೊಳೆಗೆ ಬಿಟ್ಟಿದ್ದಾರೆ.